ಊಟದೆಲೆಯ ಜೊತೆ ಹೋದ ಪ್ಲೇಟು

ನಾನು ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡದ್ದು ಎರಡು ಸಲ. ಮೊದಲನೆಯದು 1998ರಲ್ಲಿ, ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಾಗ. ಎರಡನೆಯದು 2022ರಲ್ಲಿ, ದಾವಣಗೆರೆಯ ಶಾಲೆಯೊಂದರಲ್ಲಿ ಅದೇ ಒಂಬತ್ತನೇ ತರಗತಿಗೆ ಗಣಿತ ಪಾಠ ಮಾಡುತ್ತಿದ್ದಾಗ. ಎರಡನೆಯದು ಏಕೆ ಬೇಕಾಯಿತು ಎಂದು ಹೇಳಲು ಈಗಲೂ ನಾಚಿಕೆಯೇ.

ಮೇಲಿನ ಬಾಚಿಹಲ್ಲುಗಳು ಮುಂದಕ್ಕೆ ಚಾಚಿದ್ದವು. ತುಟಿ ಮುಚ್ಚಬೇಕಾದರೆ ಎಳೆದು ಮುಚ್ಚಬೇಕಿತ್ತು. ಕೆಳಗಿನವು ಸಂತೆಯ ದಿನದ ಬಸ್ಸಿನಲ್ಲಿ ನಿಂತವರಂತೆ ಒಂದರ ಹೆಗಲ ಮೇಲೊಂದು. ವೈದ್ಯರು ಚೀಟಿಯಲ್ಲಿ ‘ಕ್ಲಾಸ್ 2’ ಎಂದು ಬರೆದರು. ‘ಒಂಬತ್ತರಲ್ಲಿದ್ದವಳನ್ನು ಎರಡಕ್ಕೆ ಇಳಿಸಿದರಲ್ಲ’ ಎಂದು ಅಪ್ಪ ನಕ್ಕರು. ಅಮೆರಿಕದ ಎಡ್ವರ್ಡ್ ಆಂಗಲ್ ಎಂಬ ದಂತವೈದ್ಯರು 1899ರಲ್ಲಿ ಮಾಡಿದ ವಿಂಗಡಣೆ ಅದು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಮೇಲಿನ ಮತ್ತು ಕೆಳಗಿನ ಮೊದಲ ದವಡೆಹಲ್ಲುಗಳು ಒಂದಕ್ಕೊಂದು ಹೇಗೆ ಕೂಡುತ್ತವೆ ಎಂಬುದೇ ಅದರ ಅಳತೆ. ಅವು ಸರಿಯಾಗಿ ಕೂಡಿ, ಉಳಿದ ಹಲ್ಲುಗಳು ಮಾತ್ರ ಅಡ್ಡಾದಿಡ್ಡಿಯಾಗಿದ್ದರೆ 1. ಕೆಳಗಿನದು ಹಿಂದೆ ಸರಿದಿದ್ದರೆ 2. ಮುಂದೆ ಬಂದಿದ್ದರೆ 3.

ನಾಲ್ಕು ಹಲ್ಲು ಕೀಳಬೇಕು ಎಂದಾಗ ಅಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. ‘ಹುಳುಕಿಲ್ಲದ ಹಲ್ಲನ್ನು ಯಾರಾದರೂ ಕೀಳುತ್ತಾರೆಯೇ?’ ಕೋರೆಹಲ್ಲಿನ ಹಿಂದಿನ ಒಂದೊಂದು ಹಲ್ಲು ತೆಗೆದರೆ ಸುಮಾರು 7 ಮಿಲಿಮೀಟರ್ ಜಾಗ ಸಿಗುತ್ತದೆ, ಮುಂದಿನವು ಹಿಂದೆ ಸರಿಯುವುದು ಆ ಜಾಗಕ್ಕೇ ಎಂದು ವೈದ್ಯರು ಅಚ್ಚಿನ ಮೇಲೆ ತೋರಿಸಿದರು. ಹಲ್ಲು ಸರಿಯುವುದು ತಿಂಗಳಿಗೆ ಹೆಚ್ಚೆಂದರೆ ಒಂದು ಮಿಲಿಮೀಟರಿನ ಆಸುಪಾಸು. ಎರಡೂವರೆ ವರ್ಷ ಹಿಡಿಯಿತು.

2001ರ ಆರಂಭದಲ್ಲಿ ಕ್ಲಿಪ್ ತೆಗೆದು, ಹಲ್ಲು ಮತ್ತೆ ಹಳೆಯ ಜಾಗಕ್ಕೆ ಹೋಗದಂತೆ ಹಿಡಿದಿಡಲು, ಹಾಕಿ ತೆಗೆಯುವಂಥ ಗುಲಾಬಿ ಬಣ್ಣದ ಒಂದು ಪ್ಲೇಟು ಕೊಟ್ಟರು. ಊಟಕ್ಕೆ ಬಿಟ್ಟರೆ ಸದಾ ಬಾಯಲ್ಲಿರಬೇಕು ಎಂದರು. ಮೂರು ತಿಂಗಳ ನಂತರ ಸೋದರಮಾವನ ಮಗಳ ಮದುವೆ. ಪ್ಲೇಟನ್ನು ಕಾಗದದಲ್ಲಿ ಸುತ್ತಿ ಎಲೆಯ ಪಕ್ಕ ಇಟ್ಟಿದ್ದೆ. ಕೈ ತೊಳೆದು ಬರುವಷ್ಟರಲ್ಲಿ ಎಲೆ, ಲೋಟ, ಕಾಗದ ಎಲ್ಲ ಬುಟ್ಟಿ ಸೇರಿತ್ತು. ಛತ್ರದ ಹಿಂದೆ ಹೋಗಿ ನೋಡಿದರೆ ಎಂಜಲೆಲೆಯ ಗುಡ್ಡ, ಅದರ ಮುಂದೆ ಎರಡು ಹಸು. ಅಷ್ಟು ಹಣ ಸುರಿದಿದ್ದ ಅಪ್ಪನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಹಲ್ಲು ನೆಟ್ಟಗೇ ಇದೆಯಲ್ಲ, ಇನ್ನೇನಾಗುತ್ತದೆ ಎಂದುಕೊಂಡೆ.

ಒಂದೇ ದಿನದಲ್ಲಿ ಏನೂ ಆಗುವುದಿಲ್ಲ. ಮೋಸವಿರುವುದೇ ಅಲ್ಲಿ. ಮೂವತ್ತೆಂಟನೇ ವಯಸ್ಸಿಗೆ ಕೆಳಗಿನ ಹಲ್ಲುಗಳು ಮತ್ತೆ ಹೆಗಲ ಮೇಲೆ ಹೆಗಲಿಟ್ಟಿದ್ದವು, ಮೇಲಿನವು ಮತ್ತೆ ಚಾಚತೊಡಗಿದ್ದವು. ಬುದ್ಧಿಹಲ್ಲು ಬಂದು ತಳ್ಳಿತು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ದಂತ ವೈದ್ಯಕೀಯ ಕಾಲೇಜಿಗೆ ಹೋದಾಗ ಅಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿನಿ ಅದನ್ನು ಒಪ್ಪಲಿಲ್ಲ. ‘ಬುದ್ಧಿಹಲ್ಲೇ ಹುಟ್ಟದವರಿಗೂ ವಯಸ್ಸಾದಂತೆ ಕೆಳಗಿನ ಹಲ್ಲು ಇಕ್ಕಟ್ಟಾಗುತ್ತದೆ ಮೇಡಂ. ಒಂದು ಗುಟುಕು ನೀರು ಕುಡಿಯಿರಿ, ನೋಡೋಣ’ ಎಂದರು. ಕುಡಿದೆ. ನುಂಗುವಾಗ ನನ್ನ ನಾಲಿಗೆಯ ತುದಿ ಮುಂಭಾಗದ ಹಲ್ಲನ್ನು ಒತ್ತುತ್ತಿತ್ತು. ನುಂಗುವುದು ಕ್ಷಣಮಾತ್ರ, ಆದರೆ ಸುಮ್ಮನಿದ್ದಾಗಲೂ ನಾಲಿಗೆ ಅಲ್ಲೇ ಒರಗಿರುತ್ತಿತ್ತು; ಹಲ್ಲನ್ನು ಸರಿಸುವುದು ಆ ಎಡೆಬಿಡದ ಒತ್ತಡ. ಇಪ್ಪತ್ತು ವರ್ಷಗಳ ಲೆಕ್ಕವನ್ನು ಗಣಿತದ ಮೇಷ್ಟರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಕ್ಲಿಪ್ ಹಾಕುವ ಮೊದಲೇ ನಾಲಿಗೆಗೆ ಪಾಠ ಶುರುವಾಯಿತು: ನುಂಗುವಾಗಲೂ ಸುಮ್ಮನಿದ್ದಾಗಲೂ ತುದಿಯನ್ನು ಹಲ್ಲಿನ ಹಿಂದಿನ ಅಂಗುಳಿನ ಏರಿಗೆ ತಾಗಿಸಿಡುವುದು.

ಈ ವಯಸ್ಸಿನಲ್ಲಿ ಹಲ್ಲು ಸರಿಯುತ್ತದೆಯೇ ಎಂದು ಕೇಳಿದೆ. ವಸಡು, ಎಲುಬು ಗಟ್ಟಿಯಾಗಿದ್ದರೆ ಯಾವ ವಯಸ್ಸಿನಲ್ಲಾದರೂ ಸರಿಯುತ್ತದೆ. ದವಡೆಯ ಬೆಳವಣಿಗೆಯನ್ನು ತಿದ್ದುವ ಕೆಲಸ ಮಾತ್ರ ಬೆಳೆಯುವ ಮಕ್ಕಳಲ್ಲೇ ಆಗಬೇಕು ಎಂದರು. ಹಲ್ಲನ್ನು ಸರಿಸುವುದು ತಂತಿ ಎಂದು ಅಲ್ಲಿಯವರೆಗೆ ನಂಬಿದ್ದೆ. ಬೇರಿಗೂ ಎಲುಬಿಗೂ ನಡುವೆ ತೆಳ್ಳನೆಯ ನಾರಿನ ಪದರವೊಂದಿದೆ. ತಂತಿ ಒತ್ತಿದ ಕಡೆ ಕೆಲವು ಜೀವಕೋಶಗಳು ಎಲುಬನ್ನು ಕರಗಿಸುತ್ತವೆ, ಹಿಂದೆ ಬಿಟ್ಟ ಕಡೆ ಬೇರೆ ಕೋಶಗಳು ಹೊಸ ಎಲುಬು ಕಟ್ಟುತ್ತವೆ. ಬೇಗ ಮುಗಿಯಲಿ ಎಂದು ಬಿಗಿಯಾಗಿ ಎಳೆದರೆ ಆ ಪದರಕ್ಕೆ ರಕ್ತ ಹರಿಯದೆ ಹಲ್ಲು ನಿಂತಲ್ಲೇ ನಿಲ್ಲುತ್ತದೆ. ಕ್ಲಿಪ್ ತೆಗೆದ ಮೇಲೆ ಎಲುಬು ಗಟ್ಟಿಯಾದರೂ ವಸಡಿನ ನಾರುಗಳು ತಿಂಗಳುಗಟ್ಟಲೆ ಹಲ್ಲನ್ನು ಹಳೆಯ ಜಾಗಕ್ಕೆ ಜಗ್ಗುತ್ತಲೇ ಇರುತ್ತವೆ. ಹಸುವಿನ ಮುಂದೆ ನಾನು ಕಳೆದುಕೊಂಡದ್ದು ಏನೆಂದು ಆಗ ಅರ್ಥವಾಯಿತು.

ಇನ್ನು ಆಯ್ಕೆ. ನನ್ನಂತೆ ಹಲ್ಲು ಸ್ವಲ್ಪವೇ ಹಳೆಯ ಜಾಗಕ್ಕೆ ಮರಳಿದ್ದರೆ ಪಾರದರ್ಶಕ ಅಲೈನರ್, ಅಂದರೆ ಹಲ್ಲಿನ ಮೇಲೆ ತೊಡಿಸಿ ತೆಗೆಯುವ ಪ್ಲಾಸ್ಟಿಕ್ ಕವಚ, ಚೆನ್ನಾಗಿಯೇ ಹೊಂದುತ್ತದೆ ಎಂದರು. ಆದರೆ ದಿನಕ್ಕೆ 22 ಗಂಟೆ ಬಾಯಲ್ಲಿರಬೇಕು, ನೀರಿನ ಹೊರತು ಏನು ಕುಡಿದರೂ ತೆಗೆಯಬೇಕು. ಸಿಬ್ಬಂದಿ ಕೊಠಡಿಯಲ್ಲಿ ದಿನಕ್ಕೆ ಐದು ಸಲ ಚಹಾ ಕುಡಿಯುವವಳು ನಾನು. ತೆಗೆದಿಡುವ ವಸ್ತುವನ್ನು ನನ್ನ ಕೈಗೆ ಕೊಟ್ಟರೆ ಏನಾಗುತ್ತದೆಂಬ ದಾಖಲೆಯೂ ಇದೆ. ಸಿರಾಮಿಕ್ ಕ್ಲಿಪ್ ಎದ್ದು ಕಾಣುವುದಿಲ್ಲ, ಆದರೆ ಅದಕ್ಕೆ ಹಾಕುವ ಬಿಳಿ ರಬ್ಬರ್ ಉಂಗುರಗಳು ನಮ್ಮ ಸಾರಿನ ಅರಿಶಿನಕ್ಕೆ ಎರಡೇ ದಿನದಲ್ಲಿ ಹಳದಿಯಾಗುತ್ತವೆ. ಉಕ್ಕಿನ ಕ್ಲಿಪ್ಪನ್ನೇ ಆರಿಸಿಕೊಂಡೆ. ಕೀಳಲು ಈ ಸಲ ಹಲ್ಲು ಉಳಿದಿರಲಿಲ್ಲ. ಕೆಳಗಿನ ಹಲ್ಲುಗಳ ಬದಿಯನ್ನು ಮಿಲಿಮೀಟರಿನ ಹತ್ತನೆಯ ಎರಡು-ಮೂರು ಭಾಗದಷ್ಟು ಸವೆಸಿ ಜಾಗ ಮಾಡಿದರು. ಅದಕ್ಕೂ ಮೊದಲು ವಸಡು ಶುದ್ಧ ಮಾಡಿ, ಬೇರುಗಳ ಎಕ್ಸ್‌ರೇ ತೆಗೆದರು. ಈ ಚಿಕಿತ್ಸೆಯಲ್ಲಿ ಬೇರಿನ ತುದಿ ಸವೆಯುವುದುಂಟಂತೆ, ಎರಡನೇ ಸಲವಾದ್ದರಿಂದ ಹೆಚ್ಚು ಎಚ್ಚರ.

ಮೊದಲ ನಾಲ್ಕು ದಿನ ಬೆಣ್ಣೆದೋಸೆಯನ್ನು ಚಟ್ನಿಯಲ್ಲಿ ನೆನೆಸಿ ತಿಂದೆ. ಕೆನ್ನೆಗೆ ಚುಚ್ಚುವ ಕಡೆ ಮೇಣ ಮೆತ್ತಿಕೊಂಡೆ. ಹಲ್ಲೂ ಇತ್ತು, ಕಡಲೆಯೂ ಇತ್ತು, ನಡುವೆ ಕ್ಲಿಪ್ ಇತ್ತು. ದಾವಣಗೆರೆಯಲ್ಲಿದ್ದು ಮಂಡಕ್ಕಿ ಬಿಡುವುದು ಆಗಲಿಲ್ಲ. ತಿಂದ ಮೇಲೆ ಸಣ್ಣ ಬ್ರಷ್ಷನ್ನು ತಂತಿಯ ಕೆಳಗೆ ತೂರಿಸಿ ತಿಕ್ಕಲು ಹತ್ತು ನಿಮಿಷ. ತಿಕ್ಕದವರಿಗೆ ಕ್ಲಿಪ್ ತೆಗೆದ ಮೇಲೆ ಅದರ ಸುತ್ತ ಸುಣ್ಣದಂಥ ಬಿಳಿ ಕಲೆ ಉಳಿಯುತ್ತದೆ. ತರಗತಿಯ ಹುಡುಗಿಯೊಬ್ಬಳಿಗೆ ಆ ಕಲೆ ಶುರುವಾದದ್ದನ್ನು ಕಂಡು ನನ್ನ ಬ್ರಷ್ಷನ್ನೇ ತೋರಿಸಿ ಬೈದೆ. ಮರುದಿನ ಅವಳು ಹೊಸದೊಂದನ್ನು ಕೊಂಡು ತಂದು ನನಗೆ ತೋರಿಸಿದಳು.

ಹದಿನಾಲ್ಕು ತಿಂಗಳಿಗೆ ಕ್ಲಿಪ್ ಬಿಚ್ಚಿದರು. ಕೆಳಗಿನ ಆರು ಹಲ್ಲುಗಳ ಹಿಂದೆ ಸಣ್ಣ ತಂತಿಯೊಂದನ್ನು ಅಂಟಿಸಿದ್ದಾರೆ. ಮೇಲಿನದಕ್ಕೆ ರಾತ್ರಿ ಪ್ಲೇಟು. ಎಷ್ಟು ವರ್ಷ ಎಂದು ಕೇಳಿದ್ದಕ್ಕೆ ‘ಹಲ್ಲು ನೆಟ್ಟಗಿರಬೇಕು ಅನ್ನುವಷ್ಟು ವರ್ಷ’ ಎಂದರು. ಕಳೆದ ಗೌರಿ ಹಬ್ಬದಲ್ಲಿ ಚಕ್ಕುಲಿ ಕಡಿದು ತಂತಿಯ ಒಂದು ತುದಿ ಬಿಟ್ಟುಕೊಂಡಿತು. ಈ ಸಲ ಯಾರಿಂದಲೂ ಮುಚ್ಚಿಡಲಿಲ್ಲ, ಹಬ್ಬದ ಮರುದಿನವೇ ಕಾಲೇಜಿಗೆ ಹೋದೆ. ಹಲ್ಲು ಇನ್ನೂ ಅಲ್ಲಾಡಿರಲಿಲ್ಲ. ಪ್ಲೇಟಿಗೆ ಕೆಂಪು ಡಬ್ಬಿ ಇಟ್ಟುಕೊಂಡಿದ್ದೇನೆ, ಅಲಮಾರಿಯಲ್ಲಿ ಇನ್ನೊಂದು ಜೊತೆಯೂ ಇದೆ. ಮದುವೆಗೆಂದು ಬೇರೆ ಊರಿಗೆ ಹೊರಟರೆ ಸೀರೆಗಿಂತ ಮೊದಲು ಚೀಲಕ್ಕೆ ಹೋಗುವುದು ಆ ಡಬ್ಬಿ.