ನಾಲ್ಕು ಜನ ಸೇರಿ ಒಂದು ಅರಬ್ಬಿ ಕುದುರೆ ಓಡಿಸಿದೆವು

ನನ್ನ ಅಪ್ಪ ಕುಣಿಗಲ್ ಸ್ಟಡ್ ಫಾರ್ಮ್‌ನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದರು. ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದ ಜಾಗ ಅದು. ಬೆಳಗಾದರೆ ಲಾಯದ ವಾಸನೆಯಲ್ಲೇ ಬೆಳೆದವನು ನಾನು. ಆದರೂ ರೇಸ್ ಕುದುರೆ ಇಟ್ಟುಕೊಳ್ಳುವುದು ದುಡ್ಡಿದ್ದವರ ಕೆಲಸ, ಸಂಬಳದವರದ್ದಲ್ಲ ಅಂತಲೇ ತಿಳಿದಿದ್ದೆ. ಹ್ಯೂಸ್ಟನ್‌ಗೆ ಬಂದ ಮೇಲೆ ಸ್ಯಾಮ್ ಹ್ಯೂಸ್ಟನ್ ರೇಸ್ ಪಾರ್ಕ್‌ನಲ್ಲಿ ಒಂದು ಸಂಜೆ ಅರಬ್ಬಿ ಕುದುರೆಗಳ ಓಟ ನೋಡಿದೆ. ಅಲ್ಲಿಂದ ಈ ಯೋಚನೆ ಹತ್ತಿಕೊಂಡಿತು.

ಬೆಲೆಯ ವ್ಯತ್ಯಾಸ ನೋಡಿ. ಕೆಂಟಕಿಯ ಕೀನ್‌ಲ್ಯಾಂಡ್‌ನಲ್ಲಿ ಸೆಪ್ಟೆಂಬರ್ ಹರಾಜು ನಡೆಯುತ್ತದೆ. ದೊಡ್ಡ ರೇಸುಗಳಲ್ಲಿ ಓಡುವ ಥರೋಬ್ರೆಡ್ ತಳಿಯ ಒಂದು ವರ್ಷದ ಮರಿಗೆ ಅಲ್ಲಿ ಸರಾಸರಿ ಬೆಲೆಯೇ ಒಂದು ಲಕ್ಷ ಡಾಲರ್ ದಾಟುತ್ತದೆ. ನಾವು ನಾಲ್ವರು ಗೆಳೆಯರು ನಾಲ್ಕು ವರ್ಷದ ಬೂದು ಬಣ್ಣದ ಅರಬ್ಬಿ ಹೆಣ್ಣು ಕುದುರೆಯನ್ನು 6,000 ಡಾಲರ್‌ಗೆ ಕೊಂಡೆವು. ತಲೆಗೆ 1,500. ಅವಳಿಗೆ ಗೌರಿ ಅಂತ ಹೆಸರಿಟ್ಟೆವು.

ಕೊಳ್ಳುವ ಮೊದಲು ಅಪ್ಪನಿಗೆ ಫೋನ್ ಮಾಡಿದ್ದೆ. "ಮೊದ್ಲು ಕಾಲು ಮುಟ್ಟಿ ನೋಡು, ಆಮೇಲೆ ಮುಖ ನೋಡು" ಅಂದರು. ನಾನು ಮುಖ ನೋಡಿ ಕೊಂಡುಬಿಟ್ಟೆ. ಅಗಲ ಹಣೆ, ದೊಡ್ಡ ಕಣ್ಣು, ಎತ್ತಿ ಹಿಡಿದ ಬಾಲ. ಡಾಕ್ಟರ್ ಹತ್ತಿರ ಕಾಲಿನ ಎಕ್ಸ್‌ರೇ ತೆಗೆಸಲಿಲ್ಲ. ಅದು ನನ್ನದೇ ತಪ್ಪು.

ಕಾಗದದ ಕೆಲಸ ನಾನಂದುಕೊಂಡದ್ದಕ್ಕಿಂತ ಸುಲಭವಿತ್ತು. ಟೆಕ್ಸಸ್ ರೇಸಿಂಗ್ ಕಮಿಷನ್‌ನಲ್ಲಿ ನಾಲ್ವರೂ ಬೆರಳಚ್ಚು ಕೊಟ್ಟು ಮಾಲೀಕರ ಲೈಸೆನ್ಸ್ ಮಾಡಿಸಿದೆವು. ಕುದುರೆಗೆ ಅರೇಬಿಯನ್ ಹಾರ್ಸ್ ಅಸೋಸಿಯೇಷನ್ ನೋಂದಣಿ ಬೇಕು, ಕಾಗಿನ್ಸ್ ಅನ್ನುವ ರಕ್ತಪರೀಕ್ಷೆ ಬೇಕು. ಇಷ್ಟಾದರೂ ಸೀದಾ ಓಡಿಸುವ ಹಾಗಿಲ್ಲ. ಸ್ಟಾರ್ಟಿಂಗ್ ಗೇಟ್‌ನೊಳಗೆ ಗಲಾಟೆ ಮಾಡದೆ ನಿಂತು, ಬಾಗಿಲು ತೆರೆದಾಗ ನೆಟ್ಟಗೆ ಹೊರಡುತ್ತಾಳೆ ಅಂತ ಓಟ ಶುರು ಮಾಡಿಸುವ ಅಧಿಕಾರಿ, ಅಂದರೆ ಸ್ಟಾರ್ಟರ್, ಒಪ್ಪಬೇಕು. ಗೌರಿ ಮೂರನೇ ಸಲಕ್ಕೆ ಪಾಸಾದಳು.

ಖರ್ಚು ಇರುವುದು ಕೊಳ್ಳುವುದರಲ್ಲಲ್ಲ, ಸಾಕುವುದರಲ್ಲಿ. ಟ್ರೈನರ್‌ಗೆ ದಿನಕ್ಕೆ 45 ಡಾಲರ್. ಹುಲ್ಲು, ಓಟ್ಸ್, ಲಾಯ, ಬೆಳಗಿನ ಸವಾರಿ ಎಲ್ಲ ಅದರಲ್ಲೇ ಬಂತು. ನಮ್ಮಲ್ಲಿ ಕುದುರೆ ಮಸಾಲೆ ಅನ್ನುತ್ತಾರಲ್ಲ, ಆ ಸೊಪ್ಪೇ ಇಲ್ಲಿನ ಆಲ್ಫಾಲ್ಫಾ. ಲಾಳ, ಡಾಕ್ಟರು, ಔಷಧಿ ಬೇರೆ. ಎಲ್ಲ ಸೇರಿ ತಿಂಗಳಿಗೆ ಸುಮಾರು 1,700 ಡಾಲರ್ ಆಗುತ್ತಿತ್ತು. ನಾಲ್ಕು ಪಾಲು ಮಾಡಿದರೆ ತಲೆಗೆ 425. ನನ್ನ ಕಾರಿನ ಕಂತಿಗಿಂತ ಕಡಿಮೆ. ಒಬ್ಬನೇ ಆಗಿದ್ದರೆ ಖಂಡಿತ ಕೈ ಹಾಕುತ್ತಿರಲಿಲ್ಲ.

ಎರಡನೇ ತಿಂಗಳಲ್ಲೇ ಮುಂಗಾಲು ಊದಿಕೊಂಡಿತು. ಆಗಿನ ಟ್ರೈನರ್ ಒಂದು ವಾರ ನಮಗೆ ಹೇಳಲೇ ಇಲ್ಲ. ನಾನು ಶನಿವಾರ ಹೋಗಿ ಕಾಲು ಸವರಿದಾಗ ಬಿಸಿ ತಾಗಿತು. ಮೂರು ತಿಂಗಳು ಹೊಲದಲ್ಲಿ ಬಿಟ್ಟು ವಿಶ್ರಾಂತಿ ಕೊಡಿಸಿದೆವು. ಗೆಳೆಯರಲ್ಲಿ ಒಬ್ಬ ಪಾಲು ಮಾರುತ್ತೇನೆ ಅಂದ. ಅವನನ್ನು ತಡೆದದ್ದು ಡಾಕ್ಟರ ಮಾತು. ಮೂಳೆಗೆ ಏನೂ ಆಗಿಲ್ಲ, ಅರಬ್ಬಿಗಳು ನಿಧಾನಕ್ಕೆ ಬಲಿತರೂ ಗಟ್ಟಿ, ಕಾಯಿರಿ ಅಂದರು. ಥರೋಬ್ರೆಡ್‌ಗಳು ಎರಡು ವರ್ಷಕ್ಕೇ ಓಡುತ್ತವೆ. ಇಲ್ಲಿ ಅರಬ್ಬಿಗಳ ಓಟ ಶುರುವಾಗುವುದೇ ಮೂರಕ್ಕೆ. ಎಂಟು, ಒಂಬತ್ತು ವರ್ಷದವು ಇನ್ನೂ ಗೆಲ್ಲುವುದನ್ನು ನೋಡಿದ್ದೇನೆ. ಸಣ್ಣ ಮಾಲೀಕರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ ಅನ್ನುವುದು ನನ್ನ ಅನಿಸಿಕೆ.

ಟ್ರೈನರ್ ಬದಲಾಯಿಸಿದೆವು. ಹೊಸಬರು ಪ್ರತಿ ಭಾನುವಾರ ನಾಲ್ಕೂ ಕಾಲಿನ ಫೋಟೋ ಕಳಿಸುತ್ತಾರೆ. ಅದನ್ನು ಹಾಗೇ ಅಪ್ಪನಿಗೆ ಕಳಿಸುತ್ತೇನೆ.

ಇನ್ನೊಂದು ತೊಂದರೆಯೂ ಇದೆ, ಹೊಸಬರಿಗೆ ಇದು ಗೊತ್ತಿರಬೇಕು. ಅಮೆರಿಕದಲ್ಲಿ ಅರಬ್ಬಿ ಓಟ ನಡೆಸುವ ಟ್ರ್ಯಾಕ್‌ಗಳು ಕೆಲವೇ. ಸಾಕಷ್ಟು ಕುದುರೆಗಳ ಹೆಸರು ಬರದಿದ್ದರೆ ಆ ಓಟವನ್ನೇ ಕೈಬಿಡುತ್ತಾರೆ. ನಮಗೆ ಎರಡು ಸಲ ಹಾಗಾಯಿತು. ಕುದುರೆ ತಯಾರು, ಓಟ ಇಲ್ಲ. ಇದು ಬೆಳೆಯುತ್ತಿರುವ ಆಟ ಅಂತ ಕೇಳಿದರೆ ಅದು ಮುಖ್ಯವಾಗಿ ಕೊಲ್ಲಿ ದೇಶಗಳ ಮಾತು. ಸೌದಿಯಲ್ಲಿ 2020ರಲ್ಲಿ ಶುರುವಾದ ಸೌದಿ ಕಪ್ ಜೊತೆಗೇ ಅರಬ್ಬಿಗಳಿಗೂ ಒಂದು ದೊಡ್ಡ ಓಟ ಇಟ್ಟರು. ದುಬೈ ವರ್ಲ್ಡ್ ಕಪ್ ದಿನ ಅಲ್ಲಿನ ಮೇದಾನ್ ಟ್ರ್ಯಾಕ್‌ನಲ್ಲಿ ಅರಬ್ಬಿಗಳಿಗೆ ಕಹೈಲಾ ಕ್ಲಾಸಿಕ್ ಅನ್ನುವ ಓಟ ಇರುತ್ತದೆ, 2,000 ಮೀಟರ್. ಪ್ಯಾರಿಸ್‌ನ ಲಾಂಗ್‌ಶಾಂಪ್‌ನಲ್ಲಿ ಕತಾರ್‌ನವರ ದುಡ್ಡಿನಿಂದ ಅರಬ್ಬಿಗಳಿಗೇ ಒಂದು ಕಪ್ ಇದೆ. ಆ ಉತ್ಸಾಹದ ಒಂದಿಷ್ಟು ಬಹುಮಾನ ಹಣ ಇಲ್ಲಿನ ಓಟಗಳಿಗೂ ಬರುತ್ತದೆ.

ಗೌರಿ ಮೊದಲ ಓಟದಲ್ಲಿ ನಾಲ್ಕನೆಯವಳು. ಎರಡನೆಯದರಲ್ಲಿ ಎರಡನೆಯವಳು. ಮೂರನೆಯದು ಆರು ಫರ್ಲಾಂಗ್, ಅಂದರೆ ಸುಮಾರು 1,200 ಮೀಟರ್. ತಿರುವಿನಲ್ಲಿ ಹಿಂದೆ ಇದ್ದಳು. ನಾನು ಕಣ್ಣು ಮುಚ್ಚಿಕೊಂಡೆ. ಪಕ್ಕದಲ್ಲಿದ್ದ ಗೆಳೆಯ ನನ್ನ ತೋಳು ಹಿಡಿದು ಕನ್ನಡದಲ್ಲಿ "ಬಂದ್ಲು, ಬಂದ್ಲು" ಅಂತ ಕೂಗತೊಡಗಿದ. ಅರ್ಧ ಕುದುರೆಯಷ್ಟು ಉದ್ದ ಮುಂದೆ ಬಂದು ಗೆದ್ದಳು. ಒಂದು ನಿಮಿಷ 21 ಸೆಕೆಂಡ್. ಒಳ್ಳೆಯ ಥರೋಬ್ರೆಡ್ ಇದಕ್ಕಿಂತ ಹತ್ತು ಸೆಕೆಂಡ್ ಮೊದಲೇ ಮುಗಿಸುತ್ತದೆ. ನಮಗೆ ಅದರಿಂದ ಏನೂ ಕಡಿಮೆ ಅನಿಸಲಿಲ್ಲ.

ಗೆದ್ದ ಪಾಲು 7,200 ಡಾಲರ್. ಜಾಕಿಗೆ ನೂರಕ್ಕೆ ಹತ್ತು, ಟ್ರೈನರ್‌ಗೂ ಹತ್ತು. ಉಳಿದದ್ದರಲ್ಲಿ ತಲೆಗೆ 1,440 ಬಂತು. ಇಡೀ ವರ್ಷದ ಲೆಕ್ಕ ಹಾಕಿದರೆ ಅವಳು ಗಳಿಸಿದ್ದು ಖರ್ಚಿನ ಅರ್ಧ ಅಷ್ಟೇ. ಲಾಭಕ್ಕೆ ಅಂತ ಬರುವವರು ದಯವಿಟ್ಟು ಬರಬೇಡಿ. ತಿಂಗಳಿಗೆ ಇಷ್ಟು ಹೋದರೂ ಮನೆ ನಡೆಯುತ್ತದೆ ಅನ್ನುವವರು ಮಾತ್ರ ಬನ್ನಿ. ಜೊತೆಗೆ ಪಾಲುದಾರರ ನಡುವೆ ಒಪ್ಪಂದ ಬರೆದಿಟ್ಟುಕೊಳ್ಳಿ. ಒಬ್ಬ ಬಿಟ್ಟರೆ ಅವನ ಪಾಲು ಯಾರಿಗೆ, ಕುದುರೆ ಓಡದಿದ್ದರೆ ಮುಂದೆ ಯಾರು ಸಾಕಬೇಕು, ಎರಡನ್ನೂ ಬರೆಯಿರಿ.

ಗೆದ್ದ ರಾತ್ರಿ ಕುಣಿಗಲ್‌ಗೆ ಫೋನ್ ಮಾಡಿದಾಗ ಅಲ್ಲಿ ಬೆಳಗಾಗಿತ್ತು. ಗೆದ್ದಳು ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಕಾಲಿಗೆ ನೀರು ಹಾಕಿದ್ರೇನೋ?" ಅಂದರು. ಲಾಯಕ್ಕೆ ಹೋಗಿ ನೋಡಿ ಬಂದು ಮತ್ತೆ ಫೋನ್ ಮಾಡಿದೆ. ತಣ್ಣೀರು ಹಾಕಿ, ಪಟ್ಟಿ ಸುತ್ತಿದ್ದರು.