ಮಾಂಟೆವೆರ್ಡಿಯ ‘ಓರ್ಫೆಯೊ’ ರಂಗಪ್ರಯೋಗವನ್ನು ಚಿತ್ರೀಕರಿಸುವುದು

1607ರಲ್ಲಿ ಇಟಲಿಯ ಮಾಂಟುವಾದಲ್ಲಿ ಮೊದಲು ಆಡಿದ ಈ ಆಪೆರಾಗೆ ಐದು ಕ್ಯಾಮೆರಾ ಸಾಕು: ಇಡೀ ರಂಗ ಹಿಡಿಯುವ, ಅಲುಗಾಡದ ಒಂದು; ಎಡಕ್ಕೆ, ಬಲಕ್ಕೆ ಒಂದೊಂದು; ವಾದ್ಯಗಾರರಿಗೆ ಒಂದು; ಮುಖಗಳಿಗೆ ಒಂದು. ಎರಡು ಪ್ರದರ್ಶನಗಳನ್ನು ಪೂರ್ತಿ ತೆಗೆದು, ಮರುದಿನ ಖಾಲಿ ಸಭಾಂಗಣದಲ್ಲಿ ತೇಪೆಗೆಂದು, ಅಂದರೆ ಕೆಟ್ಟ ಭಾಗಗಳನ್ನು ಮತ್ತೆ ತೆಗೆಯಲು, ಮೂರು ಗಂಟೆ ಇಟ್ಟುಕೊಳ್ಳಿ.

ಶಾಟ್‌ಗಳ ಪಟ್ಟಿಯನ್ನು ಹಾಡಿನ ಸಾಹಿತ್ಯದ ಮೇಲಲ್ಲ, ಸ್ವರಲಿಪಿಯ ಮೇಲೆಯೇ ಬರೆಯಬೇಕು. ಮಾತು ಮುಗಿದಲ್ಲೆಲ್ಲ ಕಟ್ ಮಾಡಿದರೆ ಬಾಸ್‌ನ (ಹಾಡಿಗೆ ಆಧಾರವಾದ ಮಂದ್ರ ದನಿಯ) ಸಾಲು ನಡುವೆಯೇ ತುಂಡಾಗುತ್ತದೆ. ನೋಡುಗರಿಗೆ ಕಾರಣ ಹೊಳೆಯದಿದ್ದರೂ ಏನೋ ತಡವರಿಸಿದಂತೆ ಅನ್ನಿಸುತ್ತದೆ. ಆರಂಭದ ತೊಕ್ಕಾತ ಎಂಬ ವಾದ್ಯಸಂಗೀತವನ್ನು ಪರದೆ ಏಳುವ ಮುನ್ನ ಮೂರು ಸಲ ನುಡಿಸಬೇಕೆಂದು 1609ರ ಮುದ್ರಿತ ಸ್ವರಲಿಪಿಯೇ ಹೇಳುತ್ತದೆ. ಮೂರಕ್ಕೂ ಬೇರೆ ಬೇರೆ ಶಾಟ್ ಹುಡುಕುವ ಚಪಲ ಬೇಡ. ಎರಡು ಸಲ ಮುಚ್ಚಿದ ಪರದೆ, ಒಂದು ಸಲ ತುತ್ತೂರಿಗಳು.

ಮೂರನೇ ಅಂಕದ ‘ಪೊಸ್ಸೆಂತೆ ಸ್ಪಿರ್ತೊ’ ಹಾಡಿಗೆ ಹೆಚ್ಚು ಸಿದ್ಧತೆ ಬೇಕು. ಸತ್ತ ಹೆಂಡತಿ ಯೂರಿಡಿಚೆಯನ್ನು ಮರಳಿ ತರಲು ಹೊರಟ ಓರ್ಫೆಯೊ ಪಾತಾಳದ ಅಂಬಿಗ ಕರೋಂತೆಯನ್ನು ಒಲಿಸಲು ಹಾಡುವಾಗ ಜೊತೆವಾದ್ಯ ಚರಣದಿಂದ ಚರಣಕ್ಕೆ ಬದಲಾಗುತ್ತದೆ: ಮೊದಲು ಎರಡು ಪಿಟೀಲು, ಆಮೇಲೆ ಎರಡು ಕಾರ್ನೆಟ್ಟೊ (ಮರದ ಊದುವಾದ್ಯ), ಮೂರನೆಯದರಲ್ಲಿ ಹಾರ್ಪ್, ನಾಲ್ಕನೆಯದರಲ್ಲಿ ಪಿಟೀಲುಗಳ ಜೊತೆ ಮಂದ್ರದ ತಂತಿವಾದ್ಯ. ದನಿಯಿದ್ದಷ್ಟು ಹೊತ್ತು ಗಾಯಕನ ಮೇಲೇ ನಿಲ್ಲಿ. ವಾದ್ಯಗಳಿಗೆ ಹೋಗುವುದು ಚರಣದ ಕೊನೆಯ ರಿಟೊರ್ನೆಲ್ಲೊದಲ್ಲಿ, ಅಂದರೆ ವಾದ್ಯಗಳಷ್ಟೇ ನುಡಿಯುವ ಭಾಗದಲ್ಲಿ ಮಾತ್ರ. ನಾಲ್ಕು ಚರಣಗಳ ನಂತರ ಗಮಕಗಳೆಲ್ಲ ಕಳಚಿ ಹಾಡು ಬರಿದಾಗುತ್ತದೆ. ಕ್ಲೋಸಪ್ಪನ್ನು ಅಲ್ಲಿಯವರೆಗೆ ಉಳಿಸಿಕೊಳ್ಳಿ. ಅಂದಹಾಗೆ, ಮೀಟಿ ನುಡಿಸುವ ತಂತಿವಾದ್ಯ ಥಿಯೋರ್ಬೊದ ಕುತ್ತಿಗೆ ತೀರ ಉದ್ದ. ಬದಿಯ ಕ್ಯಾಮೆರಾಗೆ ಅದು ಅಡ್ಡ ಬರುತ್ತದೆಯೇ ಎಂದು ತಾಲೀಮಿನಲ್ಲೇ ನೋಡಿ.

ನಾಲ್ಕನೇ ಅಂಕದಲ್ಲಿ, ಹಿಂದೆ ಬರುವ ಯೂರಿಡಿಚೆಯನ್ನು ನೋಡಬಾರದೆಂಬ ಷರತ್ತು ಮುರಿದು ಓರ್ಫೆಯೊ ಹಿಂತಿರುಗಿ ನೋಡುವ ಕ್ಷಣಕ್ಕೆ ಇಬ್ಬರೂ ಒಂದೇ ಚೌಕಟ್ಟಿನಲ್ಲಿರಬೇಕು. ಅವನ ಮುಖಕ್ಕೆ ಹತ್ತಿರ ಹೋದರೆ ಯೂರಿಡಿಚೆ ಕಳೆದುಹೋಗುವುದು ಪಾತಾಳದಲ್ಲಲ್ಲ, ಸಂಕಲನದ ಮೇಜಿನಲ್ಲಿ. ಅವನನ್ನು ಬೆಚ್ಚಿಸುವ ಸದ್ದು ಪರದೆಯ ಹಿಂದಿನಿಂದ ಬರುವಂಥದು. ಅದಕ್ಕೆ ಬೇರೆ ಮೈಕ್ ಇಡದಿದ್ದರೆ ಧ್ವನಿಮುದ್ರಣದಲ್ಲಿ ಅದು ಕೇಳಿಸದೆ, ಅವನು ಸುಮ್ಮನೆ ತಿರುಗಿದಂತೆ ಕಾಣುತ್ತದೆ.

ಧ್ವನಿಯಲ್ಲಿ ಮೊದಲ ತೊಡಕು ಶ್ರುತಿಯದು. ದೀಪಗಳಿಂದ ಸಭಾಂಗಣ ಬಿಸಿಯೇರಿದಂತೆ ಕೊಳವೆ ಆರ್ಗನ್ನಿನ ಶ್ರುತಿ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 3 ಸೆಂಟ್ (ಒಂದು ಸೆಂಟ್ ಎಂದರೆ ಅರ್ಧಸ್ವರದ ನೂರನೇ ಒಂದು ಭಾಗ) ಏರುತ್ತದೆ. ಕರೋಂತೆಯ ಜೊತೆ ನುಡಿಯುವ ರೀಗಲ್ ಎಂಬ ಪುಟ್ಟ ಆರ್ಗನ್ನಿನಲ್ಲಿ ದನಿ ಹುಟ್ಟುವುದು ಕಂಪಿಸುವ ಲೋಹದ ನಾಲಗೆಯಿಂದ. ಅದು ಅಷ್ಟು ಏರುವುದಿಲ್ಲ. ನಾಲ್ಕು ಡಿಗ್ರಿ ಹೆಚ್ಚಾದರೆ ಎರಡರ ನಡುವಿನ ಅಂತರ ಕಿವಿಗೆ ತಾಕುತ್ತದೆ. ಹಾಗಾಗಿ ಶ್ರುತಿ ಮಾಡುವ ಒಂದು ಗಂಟೆ ಮೊದಲೇ ದೀಪಗಳನ್ನು ಹಚ್ಚಿಡಿ, ಪ್ರತಿ ಅಂಕದ ಆರಂಭದಲ್ಲಿ ತಾಪಮಾನ ಬರೆದಿಡಿ, ತೇಪೆಯ ದಿನವೂ ಅದೇ ತಾಪಮಾನ ಇರಲಿ. ಇಲ್ಲವಾದರೆ ಎರಡು ದಿನದ ಧ್ವನಿ ಜೋಡಿಸಿದ ಜಾಗ ಗೊತ್ತಾಗಿಬಿಡುತ್ತದೆ.

ಮುಖ್ಯ ಮೈಕ್ ಜೋಡಿ ವಾದ್ಯವೃಂದದ ನಿರ್ದೇಶಕರ ಹಿಂದೆ, ಸುಮಾರು 3 ಮೀಟರ್ ಎತ್ತರದಲ್ಲಿರಲಿ. ಥಿಯೋರ್ಬೊ, ಹಾರ್ಪ್‌ಗಳ ದನಿ ಸಣ್ಣದು. ಅರ್ಧ ಮೀಟರ್ ದೂರದಲ್ಲಿ ಪ್ರತ್ಯೇಕ ಮೈಕ್ ಕೊಡಿ. ಮಿಶ್ರಣ ಮಾಡುವಾಗ ಈ ಹತ್ತಿರದ ಮೈಕ್‌ಗಳನ್ನು ಮುಖ್ಯ ಜೋಡಿಯಿಂದಿರುವ ದೂರಕ್ಕೆ ತಕ್ಕಂತೆ, ಮೀಟರಿಗೆ ಸುಮಾರು 3 ಮಿಲಿಸೆಕೆಂಡ್ ತಡಮಾಡಿ. ಚಿತ್ರಕ್ಕೂ ಇದೇ ಲೆಕ್ಕ: 14 ಮೀಟರ್ ಆಚೆಯ ಗಾಯಕನ ದನಿ ಮೈಕಿಗೆ ತಲುಪುವಷ್ಟರಲ್ಲಿ ಸೆಕೆಂಡಿಗೆ 25 ಫ್ರೇಮ್‌ನ ವಿಡಿಯೊದಲ್ಲಿ ಒಂದು ಫ್ರೇಮ್ ದಾಟಿರುತ್ತದೆ.

ಪಾತಾಳದ ಕತ್ತಲಿಗೆ ಪ್ರೇಕ್ಷಕರ ಕಣ್ಣು ಹೊಂದಿಕೊಳ್ಳುತ್ತದೆ, ಕ್ಯಾಮೆರಾ ಹೊಂದಿಕೊಳ್ಳುವುದಿಲ್ಲ. ಚಿತ್ರೀಕರಣದ ದಿನ ಬೆಳಕನ್ನು ಒಂದು ಸ್ಟಾಪ್, ಅಂದರೆ ಎರಡರಷ್ಟಕ್ಕೆ, ಏರಿಸಲು ಬೆಳಕಿನ ವಿನ್ಯಾಸಕರನ್ನು ಕೇಳಿಕೊಳ್ಳಿ. ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹೊಂದಾಣಿಕೆ) ಎಲ್ಲ ಕ್ಯಾಮೆರಾಗಳಲ್ಲೂ 3200 ಕೆಲ್ವಿನ್‌ಗೆ ಕಟ್ಟಿಹಾಕಿ. ಸ್ವಯಂಚಾಲಿತ ಬಿಟ್ಟರೆ ಬಣ್ಣ ಕಟ್‌ನಿಂದ ಕಟ್‌ಗೆ ಹಾರಾಡುತ್ತದೆ.

ಕೊನೆಯಲ್ಲಿ ದೇವತೆ ಅಪೊಲ್ಲೊ ಮೋಡದ ಯಂತ್ರದಲ್ಲಿ ಇಳಿದು ಬರುವುದಾದರೆ ರಾಟೆಯ ಕಿರುಗುಟ್ಟು ಖಂಡಿತ ಧ್ವನಿಮುದ್ರಣಕ್ಕೆ ಬೀಳುತ್ತದೆ. ಆ ಭಾಗವನ್ನು ತೇಪೆಯ ದಿನ ಯಂತ್ರ ನಿಲ್ಲಿಸಿ ಮತ್ತೆ ಹಾಡಿಸಿ. 24 ಫ್ರೇಮ್‌ನಲ್ಲಿ ತೆಗೆದದ್ದನ್ನು ಸುಮ್ಮನೆ ವೇಗ ಹೆಚ್ಚಿಸಿ 25ಕ್ಕೆ ತರಬೇಡಿ: 440 ಹರ್ಟ್ಸ್‌ನ ಶ್ರುತಿ 458ಕ್ಕೆ ಏರಿ, ಗಾಯಕರೆಲ್ಲ ಅವಸರದಲ್ಲಿದ್ದಂತೆ ಕೇಳುತ್ತದೆ.