ಆಗಸ್ಟ್‌ನಲ್ಲಿ ಶುರುವಾಗುವ ಆ 'ನೆಗಡಿ'

ಅಮೆರಿಕಕ್ಕೋ ಕೆನಡಾಕ್ಕೋ ಹೊಸದಾಗಿ ಬಂದವರು "ನನಗೆ ಅಲರ್ಜಿ ಗಿಲರ್ಜಿ ಏನೂ ಇಲ್ಲಪ್ಪ" ಅನ್ನುವುದನ್ನು ಎಷ್ಟೋ ಸಲ ಕೇಳಿದ್ದೇನೆ. ನಾನೂ ಹಾಗೇ ಹೇಳಿಕೊಂಡು ತಿರುಗುತ್ತಿದ್ದೆ. ಎರಡು ವರ್ಷ ಏನೂ ಆಗಲಿಲ್ಲ. ಮೂರನೇ ವರ್ಷ ಆಗಸ್ಟ್ ಕೊನೆಗೆ ಶುರುವಾದ ಸೀನು ಅಕ್ಟೋಬರ್‌ವರೆಗೂ ಬಿಡಲಿಲ್ಲ. ಇದು ವಿಚಿತ್ರವೇನಲ್ಲ. ಹೊಸ ಪರಾಗವನ್ನು ದೇಹ ಮೊದಲು ಗುರುತು ಹಿಡಿಯಬೇಕು, ಜಗಳ ಆಮೇಲೆ. ಅದಕ್ಕೆ ಕೆಲವು ವರ್ಷವೇ ಹಿಡಿಯಬಹುದು.

ಇಲ್ಲಿ ಮುಖ್ಯ ಅಪರಾಧಿ ರ‍್ಯಾಗ್‌ವೀಡ್ ಎಂಬ ಕಳೆ. ಕಾಂಗ್ರೆಸ್ ಗಿಡದ ದಾಯಾದಿ. ಪಾರ್ಥೇನಿಯಂಗೆ ಆಗದವರಿಗೆ ಇದೂ ಆಗದಿರಬಹುದು. ಒಂದೇ ಗಿಡ ಒಂದು ಸೀಸನ್‌ನಲ್ಲಿ 100 ಕೋಟಿವರೆಗೂ ಪರಾಗದ ಕಣ ಉದುರಿಸಬಲ್ಲದು. ಗಾಳಿಗೆ ಅವು ನೂರಾರು ಕಿಲೋಮೀಟರ್ ಹೋಗುತ್ತವೆ. ಹಾಗಾಗಿ ಮನೆ ಹಿತ್ತಲಿನ ಗಿಡ ಕಿತ್ತರೆ ಮುಗಿಯಿತು ಅಂದುಕೊಳ್ಳಬೇಡಿ. ಪಾಪ, ಅದೇ ಹೊತ್ತಿಗೆ ಹಳದಿ ಹೂ ಬಿಡುವ ಗೋಲ್ಡನ್‌ರಾಡ್ ಸುಮ್ನೆ ಬೈಸಿಕೊಳ್ಳುತ್ತದೆ. ಅದರ ಪರಾಗ ಭಾರ, ಅಂಟು. ಜೇನುನೊಣ ಹೊತ್ತೊಯ್ಯಬೇಕೇ ಹೊರತು ಗಾಳಿಯಲ್ಲಿ ಅಷ್ಟಾಗಿ ಹಾರುವುದಿಲ್ಲ. ರ‍್ಯಾಗ್‌ವೀಡ್ ಹೂವೋ ಹಸಿರು, ಕಣ್ಣಿಗೇ ಬೀಳುವುದಿಲ್ಲ.

ಕಾಟ ಸಾಮಾನ್ಯವಾಗಿ ಆಗಸ್ಟ್ ಮಧ್ಯದಿಂದ ಶುರು, ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಜೋರು. ಗಿಡ ಸಾಯುವಷ್ಟು ಚಳಿ ಬೀಳುವವರೆಗೂ ಇರುತ್ತದೆ.

ನೆಗಡಿಯೋ ಅಲರ್ಜಿಯೋ? ತುರಿಕೆ ನೋಡಿ. ಕಣ್ಣು, ಮೂಗು, ಅಂಗುಳು ತುರಿಸುತ್ತಿದ್ದರೆ, ಮೂಗಿನಿಂದ ನೀರಿನಂಥ ಸಿಂಬಳ ಇಳಿಯುತ್ತಿದ್ದರೆ, ಜ್ವರವಿಲ್ಲದೆ ವಾರಗಟ್ಟಲೆ ಎಳೆಯುತ್ತಿದ್ದರೆ ಅಲರ್ಜಿ ಇರಬಹುದು. ನೆಗಡಿಯಾದರೆ ಸಾಮಾನ್ಯವಾಗಿ 7-10 ದಿನದಲ್ಲಿ ಇಳಿಯುತ್ತದೆ. ಕೆಲವರಿಗೆ ಈ ದಿನಗಳಲ್ಲಿ ಬಾಳೆಹಣ್ಣು, ಕರ್ಬೂಜ, ಸೌತೆಕಾಯಿ ತಿಂದರೆ ಬಾಯಿಯೂ ನವೆಯಾಗುತ್ತದೆ. ಪರಾಗದಲ್ಲಿರುವಂಥದ್ದೇ ಪ್ರೋಟೀನ್ ಅವುಗಳಲ್ಲೂ ಇರುವುದೇ ಕಾರಣ. ಗಂಟಲು ಊದಿಕೊಂಡರೆ, ಉಸಿರು ಕಟ್ಟಿದರೆ ಮಾತ್ರ ತಡ ಮಾಡದೆ ತುರ್ತು ನಂಬರಿಗೆ ಫೋನ್ ಮಾಡಿ. ಎದೆ ಬಿಗಿತ, ಉಸಿರಾಡುವಾಗ ಸಿಳ್ಳೆ ಸದ್ದು ಇದ್ದರೆ ಅದು ಅಸ್ತಮಾ ಇರಬಹುದು, ಡಾಕ್ಟರಿಗೆ ತೋರಿಸಿ.

ಮೊದಲ ಸಲ ನಾನು ಮಾಡಿದ ತಪ್ಪು, ಮೂಗು ತಟ್ಟನೆ ತೆರೆಯುವ ಸ್ಪ್ರೇಯನ್ನು ಮೂರು ವಾರ ಹಾಕಿಕೊಂಡಿದ್ದು. ಆಕ್ಸಿಮೆಟಾಜೊಲಿನ್ ಇರುವ ಅಂಥ ಸ್ಪ್ರೇ 3 ದಿನಕ್ಕಿಂತ ಜಾಸ್ತಿ ಬೇಡ. ಆಮೇಲೆ ಔಷಧಿಯಿಂದಲೇ ಮೂಗು ಕಟ್ಟುತ್ತದೆ. ನನಗೂ ಅದೇ ಆಯಿತು. ಕೆಲಸ ಮಾಡುವುದು ಫ್ಲುಟಿಕಾಸೋನ್‌ನಂಥ ಸ್ಟಿರಾಯ್ಡ್ ಸ್ಪ್ರೇ. ಆದರೆ ಅದು ನಿಧಾನ, ದಿನಾ ಹಾಕಬೇಕು, ಸೀಸನ್‌ಗೆ ಒಂದೆರಡು ವಾರ ಮೊದಲೇ ಶುರು ಮಾಡಿದರೆ ಒಳ್ಳೆಯದು. ತುದಿಯನ್ನು ಮೂಗಿನ ನಡುಗೋಡೆ ಕಡೆ ತಿರುಗಿಸದೆ, ಹೊರಗಡೆ ಕಿವಿಯತ್ತ ತಿರುಗಿಸಿ ಹಾಕಿ. ಇಲ್ಲದಿದ್ದರೆ ರಕ್ತ ಬರಬಹುದು. ಮಾತ್ರೆಗಳಲ್ಲಿ ಲೊರಾಟಡಿನ್, ಫೆಕ್ಸೋಫೆನಡಿನ್ ಅಷ್ಟಾಗಿ ನಿದ್ದೆ ಬರಿಸುವುದಿಲ್ಲ, ಸೆಟಿರಿಜಿನ್ ಕೆಲವರಿಗೆ ಸ್ವಲ್ಪ ತೂಕಡಿಕೆ ತರುತ್ತದೆ. ಫೆಕ್ಸೋಫೆನಡಿನ್ ನುಂಗುವಾಗ ಹಣ್ಣಿನ ಜ್ಯೂಸ್ ಬೇಡ, ನೀರೇ ಸರಿ. ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದರೆ, ಬಸುರಿಯಾಗಿದ್ದರೆ, ಮಕ್ಕಳಿಗಾದರೆ ಮೊದಲು ಫಾರ್ಮಸಿಸ್ಟನ್ನು ಕೇಳಿ. ಉಪ್ಪುನೀರಿನಲ್ಲಿ ಮೂಗು ತೊಳೆಯುವವರು ನಲ್ಲಿ ನೀರು ನೇರ ಬಳಸಲೇಬೇಡಿ. ಕುದಿಸಿ ಆರಿಸಿದ ನೀರು ಅಥವಾ ಡಿಸ್ಟಿಲ್ಡ್ ನೀರೇ ಆಗಬೇಕು.

ಇನ್ನು ಮನೆಯಲ್ಲಿ. ಒಣ ಗಾಳಿಯ ದಿನ ಕಿಟಕಿ ಮುಚ್ಚಿಡಿ, ಬಟ್ಟೆ ಹೊರಗೆ ಒಣಹಾಕಬೇಡಿ. ರಾತ್ರಿ ತಲೆಗೆ ಸ್ನಾನ ಮಾಡಿಯೇ ಮಲಗಿ, ಇಲ್ಲವಾದರೆ ಕೂದಲಿನ ಪರಾಗವೆಲ್ಲ ದಿಂಬಿಗೆ. ನನಗೆ ಔಷಧಿಯಷ್ಟೇ ಉಪಕಾರವಾಗಿದ್ದು ಈ ಸ್ನಾನ.

ಇಷ್ಟಕ್ಕೂ ಬಗ್ಗದಿದ್ದರೆ ಅಲರ್ಜಿ ಡಾಕ್ಟರ್ ಚರ್ಮದ ಮೇಲೆ ಚುಚ್ಚಿ ಪರೀಕ್ಷೆ ಮಾಡುತ್ತಾರೆ. ಅದಕ್ಕೆ ಕೆಲವು ದಿನ ಮೊದಲೇ ಅಲರ್ಜಿ ಮಾತ್ರೆ ನಿಲ್ಲಿಸಬೇಕು, ಎಷ್ಟು ದಿನ ಅಂತ ಕೇಳಿಕೊಳ್ಳಿ. ನಂತರ 3-5 ವರ್ಷದ ಇಂಜೆಕ್ಷನ್ ಇದೆ, ನಾಲಿಗೆ ಕೆಳಗಿಡುವ ರ‍್ಯಾಗ್‌ವೀಡ್ ಮಾತ್ರೆಯೂ ಇದೆ. ಆ ಮಾತ್ರೆ ಸೀಸನ್‌ಗೆ 12 ವಾರ ಮೊದಲೇ ಶುರುವಾಗಬೇಕು. ಅಂದರೆ ಮೇ ತಿಂಗಳಲ್ಲಿ. ಅಪಾಯಿಂಟ್‌ಮೆಂಟ್ ಏಪ್ರಿಲ್‌ನಲ್ಲೇ ಹಾಕಿಸಿ.